ಕೆರೆ ಚಿತ್ರದಲ್ಲಿ 12 ಹಕ್ಕಿ: ಹೆಸರು ಹೇಳಿ ನೋಡೋಣ

ಕೆರೆಏರಿ:
ಎ3 ಹಾಳೆ ಮೇಲೆ ಜಲವರ್ಣದಲ್ಲಿ ಬಯಲುಸೀಮೆಯ ಕೆರೆಯೊಂದನ್ನು ಬರೆದಿದ್ದೀನಿ. ಗದಗ ಜಿಲ್ಲೆಯ ಕಡೆಯದು ಅಂದುಕೊಳ್ಳಿ, ಬೆಳಗ್ಗೆ ಏಳರ ಹೊತ್ತು. ಹಕ್ಕಿಗಳಿಗೆ 1ರಿಂದ 12ರವರೆಗೆ ನಂಬರ್ ಹಾಕಿದೆ. ಬರೀ ಹೆಸರು ಸಾಲದು, ಯಾವ ಗುರುತು ನೋಡಿ ಹೇಳಿದಿರಿ ಅನ್ನೋದೂ ಬೇಕು. ಗೂಗಲ್ ಲೆನ್ಸು, ಆ್ಯಪು ಬೇಡ.

ಚಿತ್ರ ತೆರೆದುಕೊಳ್ಳದವರಿಗೆ: ಮೇಲೆ ಕರೆಂಟ್ ತಂತಿ. ಅದರ ಮೇಲೆ ಕವಲು ಬಾಲದ ಕಪ್ಪು ಹಕ್ಕಿ (1), ಸ್ವಲ್ಪ ಆಚೆ ದಪ್ಪ ತಲೆಯ ಕಂದು-ನೀಲಿ ಹಕ್ಕಿ (2). ನೀರಲ್ಲಿ ಮಂಡಿವರೆಗೆ ಇಳಿದು ನಿಂತ, ಹಳದಿ ಕೊಕ್ಕಿನ ಬಿಳಿ ಹಕ್ಕಿ (3). ತಂತಿಯ ಪಕ್ಕದಲ್ಲೇ ಕತ್ತು ಚಾಚಿ ಹಾರುತ್ತಿರುವ ದೊಡ್ಡ ಬೂದು ಹಕ್ಕಿ (4). ಜಾಲಿ ಕೊಂಬೆಯಲ್ಲಿ ಕೆಂಪು ಕೊಕ್ಕಿನದು (5), ಅದರ ಕೆಳಗೆ ಜೊಂಡಿನ ಮೇಲೆ ನೀಲಿ ಬೆನ್ನಿನದು (6). ತೂಗಾಡುವ ಗೂಡಿನ ಮೇಲೆ ಹಳದಿ ನೆತ್ತಿಯದು (7). ನೀರಿನ ಮೇಲೆ ಬರೀ ಕತ್ತು ಕಾಣುವುದು (8). ತಾವರೆ ಎಲೆಗಳ ನಡುವೆ ಕರಿ ಮೈ, ಬಿಳಿ ಹಣೆ (9). ಬೇವಿನ ಕಾಂಡಕ್ಕೆ ಅಂಟಿಕೊಂಡ ಬೀಸಣಿಗೆ ಜುಟ್ಟಿನದು (10), ಅದೇ ಕಾಂಡದಲ್ಲಿ ಹೊಂಬಣ್ಣದ ಬೆನ್ನಿನದು (11). ಕೆರೆ ನಡುವೆ ಐದರ ಗುಂಪು, ತಲೆ ಹಿಂದೆ ಎರಡು ಕರಿ ಪಟ್ಟೆ (12).

ಹೊಸಬ:
1 ಕಾಗೆ, 2 ನೀಲಕಂಠ, 3 ಕೊಕ್ಕರೆ, 5 ಮಿಂಚುಳ್ಳಿ, 7 ಗೀಜಗ, 10 ಮರಕುಟಿಗ, 12 ಬಾತುಕೋಳಿ. ಉಳಿದವು ಗೊತ್ತಿಲ್ಲ.

ಗೂಬೆಕಣ್ಣು:
@ಹೊಸಬ, ಏಳರಲ್ಲಿ ಎರಡು ಪಕ್ಕಾ ಸರಿ, 5 ಅರ್ಧ ಸರಿ. ಕಾಗೆಗೆ ಕವಲು ಬಾಲ ಇರಲ್ಲ. 1 ಕಾಜಾಣ. ಹಾಳೆಯನ್ನು ಹಿಗ್ಗಿಸಿ ನೋಡಿ, ಬಾಯಿಯ ಮೂಲೆಯಲ್ಲಿ ಒಂದು ಬಿಳಿ ಚುಕ್ಕಿ ಇಟ್ಟಿದ್ದಾರೆ. ಅದು ಕರಿ ಕಾಜಾಣದ ಗುರುತು. ಬೂದು ಕಾಜಾಣ ಆಗಿದ್ದರೆ ಹೊಟ್ಟೆ ಬೂದಿ ಬಣ್ಣ, ಕಣ್ಣು ಇನ್ನೂ ಕೆಂಪು, ಬಾಯಿಯ ಚುಕ್ಕಿ ಇರಲ್ಲ.

10 ಮರಕುಟಿಗ ಅಲ್ಲ, ಚಂದ್ರಮುಕುಟ. ಈ ತಪ್ಪು ಎಲ್ಲರೂ ಮಾಡ್ತಾರೆ. ಜುಟ್ಟು ಇದೆ, ಉದ್ದ ಕೊಕ್ಕಿದೆ, ಮರದಲ್ಲಿದೆ, ಮುಗೀತು ಅಂತ. ಕೊಕ್ಕು ನೋಡಿ: ಸಣ್ಣಗೆ, ಕೆಳಕ್ಕೆ ಬಾಗಿದೆ. ಅದರಲ್ಲಿ ಮರ ಕುಟ್ಟೋಕೆ ಆಗಲ್ಲ, ಹುಲ್ಲುನೆಲದಲ್ಲಿ ಚುಚ್ಚಿ ಹುಳ ತೆಗೆಯೋಕೆ ಇರೋದು. ಮರಕುಟಿಗದ ಕೊಕ್ಕು ಉಳಿಯ ಹಾಗೆ ನೆಟ್ಟಗೆ. ರೆಕ್ಕೆ ಮೇಲಿನ ಕಪ್ಪು-ಬಿಳಿ ಪಟ್ಟೆ ಕಂಡರೆ ಸಾಕು, ಬೇರೆ ಹಕ್ಕಿಯ ಮಾತೇ ಬೇಡ.

ಬಯಲುಸೀಮೆ:
12 ಬಾತುಕೋಳಿ ಅಲ್ರೀ, ಪಟ್ಟೆ ತಲೆ ಹೆಬ್ಬಾತು. ಹೆಸರಿನಾಗ ಗುರುತು ಐತಿ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ವರ್ಷ ಚಳಿಗಾಲಕ್ಕ ಬರ್ತಾವ. ಆ ಕೆರೆ 2024ರಾಗ ರಾಮ್ಸರ್ ಪಟ್ಟಿಗೂ ಸೇರೇತಿ, ಜಗತ್ತಿನ ಮುಖ್ಯ ಜೌಗುನೆಲಗಳ ಪಟ್ಟಿ ಅದು. ಹಗಲು ನೀರಾಗ ಇರ್ತಾವ, ಮೇಯಾಕ ಹೊಲಕ್ಕ ಹೋಗ್ತಾವ.

ದುರ್ಬೀನು:
5 ಗದ್ದೆ ಮಿಂಚುಳ್ಳಿ. ತಲೆ ಚಾಕೊಲೇಟ್ ಬಣ್ಣ, ಎದೆ ಮೇಲೆ ಬಿಳಿ ಅಂಗಿ. ಹೆಮ್ಮಿಂಚುಳ್ಳಿಗೂ ಕೆಂಪು ಕೊಕ್ಕೇ, ಆದರೆ ಅದಕ್ಕೆ ಬಿಳಿ ಎದೆ ಇಲ್ಲ, ಹೊಟ್ಟೆ ಮಾಸಲು ಹಳದಿ.

6 ಸಣ್ಣ ಮಿಂಚುಳ್ಳಿ, ಅದೂ ಹೆಣ್ಣು. ಕೆಳಗಿನ ಕೊಕ್ಕು ಕಿತ್ತಳೆ ಬಣ್ಣದಲ್ಲಿದೆ. ಗಂಡಿಗೆ ಮೇಲೆ ಕೆಳಗೆ ಎರಡೂ ಕಪ್ಪು. ಇದನ್ನು ಗಮನಿಸಿ ಬರೆದದ್ದಕ್ಕೆ ಕೈ ಮುಗಿದೆ. ಆದರೆ ಅಳತೆ ಕೆಟ್ಟಿದೆ. ಗದ್ದೆ ಮಿಂಚುಳ್ಳಿ ಸುಮಾರು 28 ಸೆಂಟಿಮೀಟರ್, ಸಣ್ಣದು 16. ಜಾಲಿಯೂ ಜೊಂಡೂ ಒಂದೇ ದೂರದಲ್ಲಿವೆ, ಹಕ್ಕಿಗಳು ಮಾತ್ರ ಸಮ ಸಮ ಕಾಣ್ತಿವೆ. ಗಾತ್ರ ನೋಡಿ ಗುರುತಿಸುವವರು ಇಲ್ಲೇ ಎಡವುತ್ತಾರೆ.

ಕೆರೆಏರಿ:
ಅಳತೆ ತಪ್ಪಿದ್ದು ಹೌದು. ಗುಬ್ಬಿ 15, ಗೊರವಂಕ 23, ಊರ ಕಾಗೆ 40ರ ಮೇಲೆ, ಹದ್ದು 60 ಸೆಂಟಿಮೀಟರ್ ಅನ್ನೋ ಲೆಕ್ಕ ಅಂಚಲ್ಲಿ ಬರೆದಿಟ್ಟುಕೊಂಡೇ ಶುರು ಮಾಡಿದ್ದು. ಬಣ್ಣ ಹಾಕುವಾಗ 6 ಉಬ್ಬಿಕೊಂಡಿತು. ಒದ್ದೆ ಕಾಗದ, ನೀಲಿ ಹರಡಿತು.

ಪುಕ್ಕಪುರಾಣ:
2 ನೀಲಕಂಠ ಅಂತ ಅಷ್ಟು ಸುಲಭಕ್ಕೆ ಬಿಟ್ಟುಬಿಟ್ಟಿರಲ್ಲ. ನಮ್ಮ ನೀಲಕಂಠದ ಕಂಠ ನೀಲಿಯಲ್ಲ! ಗಂಟಲು, ಎದೆ ನೇರಳೆ ಬೆರೆತ ಕಂದು, ಅದರ ಮೇಲೆ ಬಿಳಿ ಗೀರು. ನೆತ್ತಿ ಮಾತ್ರ ಹಸಿರು-ನೀಲಿ. ತಲೆ, ಗಂಟಲು, ಎದೆ ಪೂರ್ತಿ ನೀಲಿ ಇರೋದು ಯುರೋಪಿನ ನೀಲಕಂಠ, ಅದು ವಲಸೆಯಲ್ಲಿ ಹಾದುಹೋಗುವ ಹಕ್ಕಿ. ಕ್ಯಾಲೆಂಡರ್, ಗೋಡೆ ಚಿತ್ರಗಳಲ್ಲಿ 'ಕರ್ನಾಟಕದ ರಾಜ್ಯ ಪಕ್ಷಿ' ಅಂತ ಎದೆಗೆಲ್ಲ ನೀಲಿ ಬಳಿದಿರ್ತಾರೆ. ಹೆಸರು ನಂಬಿ ಬಣ್ಣ ಹಾಕಿದರೆ ಆಗೋದೇ ಇದು. ಈ ಚಿತ್ರದಲ್ಲಿ ಎದೆ ಕಂದು, ಗೀರು ಇದೆ. ಹಾಗಾಗಿ ನಮ್ಮದೇ.

ಹಾಲಕ್ಕಿ:
ಹಾಗಾದರೆ ಆ ಹೆಸರು ಇಟ್ಟವರು ಯಾರು ಸ್ವಾಮಿ 😄

ಬಣ್ಣದಡಬ್ಬಿ:
ನೀಲಿಯ ಬಗ್ಗೆ ಒಂದು ಮಾತು, ಬರೆಯುವವರಿಗಾಗಿ. ನೀಲಕಂಠ, ಮಿಂಚುಳ್ಳಿಗಳ ಗರಿಯಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ. ಗರಿಯ ಒಳರಚನೆ ಬೆಳಕನ್ನು ಚದುರಿಸಿ ನೀಲಿ ತೋರಿಸುತ್ತೆ. ಗಿಳಿಯ ಹಸಿರೂ ಹಾಗೆಯೇ, ಆ ನೀಲಿಯ ಮೇಲೆ ಹಳದಿ ಬಣ್ಣದ್ರವ್ಯ ಕೂತಿರೋದು. ಅದಕ್ಕೇ ಒಂದೇ ಡಬ್ಬಿಯ ನೀಲಿಯಲ್ಲಿ ಇಡೀ ಹಕ್ಕಿ ಮುಗಿಸಿದರೆ ಪ್ಲಾಸ್ಟಿಕ್ ಗೊಂಬೆ ಥರ ಆಗುತ್ತೆ. ನೀಲಕಂಠದ ರೆಕ್ಕೆಗೆ ಎರಡು ಬೇರೆ ನೀಲಿ ಬೇಕು: ಗಾಢ ಪಟ್ಟೆಗೆ ಅಲ್ಟ್ರಾಮರೀನ್, ತಿಳಿ ಪಟ್ಟೆಗೆ ತೆಳ್ಳಗೆ ಮಾಡಿದ ಥ್ಯಾಲೊ ನೀಲಿಗೆ ಒಂದು ಹನಿ ಥ್ಯಾಲೊ ಹಸಿರು. ಮೊದಲು ತಿಳಿಯದನ್ನು ಹಾಕಿ, ಪೂರ್ತಿ ಒಣಗಿಸಿ, ಆಮೇಲೆ ಗಾಢ. ತಿರುವು ಮುರುವಾದರೆ ಅಂಚು ಕಲಸಿ ಪಟ್ಟೆಯೇ ಹೋಗುತ್ತೆ. ಕೂತ ನೀಲಕಂಠಕ್ಕೆ ಅಷ್ಟು ನೀಲಿ ತೋರಿಸೋದೂ ಬೇಡ. ಮಡಚಿದ ರೆಕ್ಕೆಯಲ್ಲಿ ಸ್ವಲ್ಪ ಇಣುಕಿದರೆ ಸಾಕು, ಬೆರಗೆಲ್ಲ ಹಾರಿದಾಗ.

ಮತ್ತೆ, ಫೋನಿನಲ್ಲಿ ರಾತ್ರಿ ಮೋಡ್ ಹಾಕಿಕೊಂಡು ನೋಡಬೇಡಿ. ತೆರೆ ಹಳದಿಯಾಗಿ ತಿಳಿ ನೀಲಿ ಹಸಿರಾಗಿ ಕಾಣುತ್ತೆ, ಆಮೇಲೆ ಇಲ್ಲಿ ಬಂದು ಜಗಳ.

ತೆಂಕಣಗಾಳಿ:
ಮಾರಾಯ್ರೆ, 4 ಯಾರೂ ಮುಟ್ಟಲಿಲ್ಲ ಅಲ್ವಾ? ಬೂದು ಮೈ, ಉದ್ದ ಕಾಲು, ಕೊಕ್ಕು ಈಟಿ ಹಾಗೆ. ಬೂದು ಬಕ ಅಂತ ಹೇಳುವ ಅಂದರೆ ಕತ್ತು ಚಾಚಿಕೊಂಡು ಹಾರ್ತಾ ಉಂಟು. ಬಕ, ಬೆಳ್ಳಕ್ಕಿ ಎಲ್ಲ ಕತ್ತನ್ನು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಮಡಚಿ ತಲೆಯನ್ನು ಹೆಗಲಿಗೆ ಒರಗಿಸಿ ಹಾರುವುದು. ಕತ್ತು ಚಾಚಿ ಹಾರುವುದು ಕೊಕ್ಕರೆ, ಕ್ರೌಂಚ, ಚಮಚ ಕೊಕ್ಕಿನವು.

ಕೆರೆಏರಿ:
4 ಬೂದು ಬಕವೇ.

ತೆಂಕಣಗಾಳಿ:
ಹಾಗಾದರೆ ಚಿತ್ರ ತಪ್ಪು.

ಗೂಬೆಕಣ್ಣು:
ಅಷ್ಟು ಖಡಾಖಂಡಿತ ಬೇಡ. ಬಕ ಮೇಲೇಳುವಾಗ ಮೊದಲ ಕೆಲವು ರೆಕ್ಕೆ ಬಡಿತದವರೆಗೆ ಕತ್ತು ಚಾಚಿಯೇ ಇರುತ್ತೆ, ಇಳಿಯುವಾಗಲೂ ಅಷ್ಟೆ. ಆದರೆ ಆಗ ಕಾಲು ಕೆಳಗೆ ನೇತಾಡ್ತಿರುತ್ತೆ, ಹಕ್ಕಿ ನೀರಿಗೆ ಹತ್ತಿರ ಇರುತ್ತೆ. ಇಲ್ಲಿ ತಂತಿಯಷ್ಟು ಎತ್ತರದಲ್ಲಿ ನಿರಾಳವಾಗಿ ಹೋಗ್ತಾ ಇದೆ. ಹಾಗಾಗಿ ಚಿತ್ರ ತಪ್ಪು ಅನ್ನೋದಕ್ಕೆ ನನ್ನದೂ ಓಟು.

ದುರ್ಬೀನು:
ಕೊಕ್ಕರೆಗಳೆಲ್ಲ ಚಾಚಿ ಹಾರ್ತವೆ ಅನ್ನೋದಕ್ಕೂ ಒಂದು ತಿದ್ದುಪಡಿ. ಅಡ್ಜುಟೆಂಟ್ ಕೊಕ್ಕರೆಗಳು ಬಕದ ಹಾಗೇ ಕತ್ತು ಮಡಚಿ ಹಾರ್ತವೆ. ಹೆಜ್ಜಾರ್ಲೆಯೂ (ಪೆಲಿಕನ್) ತಲೆ ಹಿಂದಕ್ಕೆ ಎಳೆದುಕೊಂಡೇ ಹಾರೋದು. ಗದಗದ ಕೆರೆಗೆ ಅಡ್ಜುಟೆಂಟ್ ಎಳೆದು ತರಬೇಡಿ, ಸುಮ್ಮನೆ ಹೇಳಿದೆ.

ಹೊಸಬ:
ಕೊಕ್ಕರೆ, ಬಕ, ಬೆಳ್ಳಕ್ಕಿ ಎಲ್ಲ ಒಂದೇ ಅಲ್ವಾ? ನಮ್ಮಲ್ಲಿ ಎಲ್ಲಕ್ಕೂ ಕೊಕ್ಕರೆ ಅಂತಾರೆ.

ಪುಕ್ಕಪುರಾಣ:
ಮಾತಿನಲ್ಲಿ ಹೌದು, ಒಗಟಿನಲ್ಲಿ ಅಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಸರಿಗೆ ಕೊಕ್ಕರೆ, ಆದರೆ ಬಣ್ಣದ ಕೊಕ್ಕರೆ ಜೊತೆ ಹೆಜ್ಜಾರ್ಲೆಯೂ ಗೂಡು ಕಟ್ಟುತ್ತೆ. ಆಟಕ್ಕೆ ಹೀಗೆ ಇಟ್ಟುಕೊಳ್ಳಿ: ದಪ್ಪ ಭಾರದ ಕೊಕ್ಕು, ಚಾಚಿದ ಕತ್ತು ಅಂದರೆ ಕೊಕ್ಕರೆ. ಈಟಿ ಕೊಕ್ಕು, ಮಡಚುವ ಕತ್ತು ಅಂದರೆ ಬಕ. ಬಕದ ಬಳಗದಲ್ಲೇ ಬೆಳ್ಳಗಿರುವವು ಬೆಳ್ಳಕ್ಕಿ.

ಬಯಲುಸೀಮೆ:
3 ಗೋವಕ್ಕಿ ಇರಬೇಕು. ಹಳದಿ ಕೊಕ್ಕು ಐತಿ.

ಗೂಬೆಕಣ್ಣು:
ಇಲ್ಲ. ಗೋವಕ್ಕಿಗೆ ಕತ್ತು ಗಿಡ್ಡ, ಕೊಕ್ಕು ಮೋಟು, ದನದ ಕಾಲ ಬಳಿ ಒಣನೆಲದಲ್ಲಿ ಓಡಾಡೋದು ಜಾಸ್ತಿ. ಮಂಡಿ ಮಟ್ಟದ ನೀರಲ್ಲಿ ನಿಂತು ಮೀನು ಕಾಯುವ ಜಾತಿ ಅಲ್ಲ. ಸಣ್ಣ ಬೆಳ್ಳಕ್ಕಿಯೂ ಅಲ್ಲ, ಅದಕ್ಕೆ ಕೊಕ್ಕು ಕಪ್ಪು. ಅದರ ಹಳದಿ ಪಾದ ನೋಡೋಣ ಅಂದರೆ ಪಾದ ಕೆಸರಲ್ಲಿದೆ, ಒಗಟು ಮಾಡಿದವರು ಜಾಣರು. ಉಳಿದದ್ದು ದೊಡ್ಡದು, ಮಧ್ಯಮ ಎರಡೇ.

ಕೆರೆಏರಿ:
ಉತ್ತರ ಹೇಳಿಬಿಡ್ತೀನಿ: ದೊಡ್ಡ ಬೆಳ್ಳಕ್ಕಿ.

ದುರ್ಬೀನು:
ಉತ್ತರ ನಿಮ್ಮದಿರಬಹುದು, ಚಿತ್ರ ಬೇರೆ ಹೇಳ್ತಿದೆ. ದೊಡ್ಡ ಬೆಳ್ಳಕ್ಕಿಯ ಬಾಯಿ ಸೀಳಿದ ಗೆರೆ ಕೊಕ್ಕಿನಿಂದ ಹೊರಟು ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತೆ. ಮಧ್ಯಮದ್ದು ಕಣ್ಣಿನ ಕೆಳಗೇ ನಿಲ್ಲುತ್ತೆ. ನಿಮ್ಮ ಹಕ್ಕಿಯ ಗೆರೆ ಕಣ್ಣಿನ ಕೆಳಗೆ ನಿಂತಿದೆ, ಹಿಗ್ಗಿಸಿ ನೋಡಿ. ಅದೂ ಅಲ್ಲದೆ ದೊಡ್ಡದರ ಕತ್ತು ಮೈಗಿಂತ ಉದ್ದ, ನಡುವೆ ಮೂಳೆ ಮುರಿದಂತೆ ಒಂದು ಗೂನು. ಇಲ್ಲಿ ಕತ್ತು ಸರಾಗವಾಗಿ ಬಾಗಿದೆ, ತಲೆ ಗುಂಡಗಿದೆ. ಇದು ಮಧ್ಯಮ ಬೆಳ್ಳಕ್ಕಿ.

ಮರಿ ಮಾಡುವ ಕಾಲದಲ್ಲಿ ಈ ಎರಡರ ಕೊಕ್ಕೂ ಕಪ್ಪಾಗುತ್ತೆ. ಅದಕ್ಕೇ ಬಣ್ಣ ಬಿಟ್ಟು ಗೆರೆ ನೋಡಿ ಅನ್ನೋದು.

ಕೆರೆಏರಿ:
ಹಿಗ್ಗಿಸಿ ನೋಡಿದೆ. ಸೋತೆ. 3ರ ಉತ್ತರ ಮಧ್ಯಮ ಬೆಳ್ಳಕ್ಕಿ ಅಂತ ಬದಲಾಯಿಸ್ತೀನಿ, ಚಿತ್ರ ಹಾಗೇ ಇರಲಿ.

ಹಾಲಕ್ಕಿ:
ಪ್ರಶ್ನೆಪತ್ರಿಕೆ ತೆಗೆದವರೇ ಫೇಲು.

ತೆಂಕಣಗಾಳಿ:
8 ಹಾವಕ್ಕಿ, 9 ನಾಮದ ಕೋಳಿ. 8ಕ್ಕೆ ನೀರುಕಾಗೆ ಅಂತ ಹೇಳುವವರು ಕೊಕ್ಕಿನ ತುದಿ ನೋಡಿ. ನೀರುಕಾಗೆಯದ್ದು ಕೊಕ್ಕೆ ಹಾಗೆ ಬಾಗಿರುತ್ತದೆ, ಹಾವಕ್ಕಿಯದ್ದು ದಬ್ಬಳ. ಮೀನನ್ನು ಚುಚ್ಚಿ ಹಿಡಿಯುವುದು ಅದು. ರೆಕ್ಕೆ ಹರಡಿ ಬಿಸಿಲಿಗೆ ಒಣಗಿಸುವುದು ಎರಡೂ ಮಾಡ್ತವೆ, ಅದರಿಂದ ಗುರುತು ಸಿಗುವುದಿಲ್ಲ.

ಬಯಲುಸೀಮೆ:
9ಕ್ಕ ನಮ್ಮ ಕಡೆ ಬರೀ ನೀರುಕೋಳಿ ಅಂತಾರ.

ಪುಕ್ಕಪುರಾಣ:
ನೀರುಕೋಳಿ ಅಂದರೆ ಮೂರ್‌ಹೆನ್ ಕೂಡ ಅದರೊಳಗೇ ಬರುತ್ತೆ. ಅದರ ಹಣೆ ಕೆಂಪು, ಕೊಕ್ಕಿನ ತುದಿ ಹಳದಿ. ನಾಮದ ಕೋಳಿಗೆ ಹಣೆಯಿಂದ ಕೊಕ್ಕಿನವರೆಗೆ ಬಿಳಿ ನಾಮ. ಇಷ್ಟು ಒಪ್ಪುವ ಕನ್ನಡ ಹೆಸರು ಇನ್ನೊಂದಿಲ್ಲ. ನೀಲಕಂಠಕ್ಕೆ ಆದ ಅನ್ಯಾಯ ಇಲ್ಲಿ ಆಗಿಲ್ಲ.

ಗೂಬೆಕಣ್ಣು:
ಈಗ 11. ಹೊಂಬೆನ್ನಿನ ಮರಕುಟಿಗ, ನೆತ್ತಿ ಪೂರ್ತಿ ಕೆಂಪು, ಆದ್ದರಿಂದ ಗಂಡು. ಹೆಣ್ಣಿಗೆ ಹಣೆಯ ಭಾಗ ಕಪ್ಪು, ಅದರಲ್ಲಿ ಬಿಳಿ ಚುಕ್ಕಿ, ಹಿಂದೆ ಮಾತ್ರ ಕೆಂಪು. ಬಾಲದ ಬುಡ ಕಪ್ಪು, ಗಂಟಲಲ್ಲಿ ಕಪ್ಪು ಮೇಲೆ ಬಿಳಿ ಚುಕ್ಕಿ. ಬಯಲುಸೀಮೆಗೆ ಸರಿಯಾದ ಹಕ್ಕಿ. ಮಲೆನಾಡಿನ ದೊಡ್ಡ ಹೊಂಬೆನ್ನಿನದಕ್ಕೆ ಬಾಲದ ಬುಡ ಕೆಂಪು, ಕೆನ್ನೆಯ ಮೀಸೆ ಗೆರೆ ಎರಡಾಗಿ ಸೀಳಿ ನಡುವೆ ಬಿಳಿ.

ಆದರೆ ಕಾಲು! ಮೂರು ಬೆರಳು ಬರೆದಿದ್ದೀರಿ, ಮೂರೂ ಮುಂದಕ್ಕೆ. ಮರಕುಟಿಗಕ್ಕೆ ಎರಡು ಮುಂದೆ, ಎರಡು ಹಿಂದೆ. ಗಿಳಿ, ಕುಟ್ರು ಹಕ್ಕಿ, ಕೋಗಿಲೆ, ಕೆಂಬೂತ ಎಲ್ಲಕ್ಕೂ ಹಾಗೇ. ಕಾಂಡ ಹಿಡಿಯೋದು ಆ ಬೆರಳು, ಒರಗೋದು ಗಡುಸು ಬಾಲದ ಗರಿಯ ಮೇಲೆ. ನಿಮ್ಮ ಹಕ್ಕಿಯ ಬಾಲ ಮರದಿಂದ ನಾಲ್ಕು ಬೆರಳು ದೂರ ನಿಂತಿದೆ. ಬೀಳುತ್ತೆ.

ದುರ್ಬೀನು:
ಮೂರೇ ಬೆರಳಿನ ಹೊಂಬೆನ್ನಿನ ಮರಕುಟಿಗವೂ ಇದೆ, ಪಶ್ಚಿಮ ಘಟ್ಟದಲ್ಲಿ. ಆದರೆ ಅದಕ್ಕೂ ಎರಡು ಮುಂದೆ, ಒಂದು ಹಿಂದೆ. ಮೂರೂ ಮುಂದಿರುವ ಮರಕುಟಿಗ ಈ ಹಾಳೆಯಲ್ಲಿ ಮಾತ್ರ.

ಬಣ್ಣದಡಬ್ಬಿ:
10ಕ್ಕೂ ಅದೇ ದೋಷ, ಉಲ್ಟಾ. ಚಂದ್ರಮುಕುಟಕ್ಕೆ ಮೂರು ಮುಂದೆ ಒಂದು ಹಿಂದೆ, ಬಾಲ ಮೆತ್ತಗೆ. ಅದನ್ನು ಮರಕುಟಿಗದ ಭಂಗಿಯಲ್ಲಿ ಬಾಲ ಊರಿ ಕೂರಿಸಿದ್ದೀರಿ. ಕಾಲು ಬಾಲ ಎರಡನ್ನೂ 10ಕ್ಕೂ 11ಕ್ಕೂ ಅದಲುಬದಲು ಮಾಡಿದರೆ ಅರ್ಧ ತೊಂದರೆ ಮುಗೀತು. ಚಂದ್ರಮುಕುಟ ಕಾಂಡಕ್ಕೆ ಅಂಟೋದು ಪೊಟರೆ ಬಾಯಿಯಲ್ಲಿ, ಗೂಡು ಅಲ್ಲಿದ್ದರೆ. ಒಂದು ತೂತು ಬರೆದುಬಿಡಿ, ಭಂಗಿಗೆ ಕಾರಣ ಸಿಗುತ್ತೆ. ಇಲ್ಲದಿದ್ದರೆ ನೆಲಕ್ಕೆ ಇಳಿಸಿ.

ಹೊಸಬ:
7 ಗೀಜಗ ಸರಿ ತಾನೇ? ಅದರಲ್ಲೂ ತಪ್ಪು ಹುಡುಕ್ತೀರಾ?

ಪುಕ್ಕಪುರಾಣ:
ಹುಡುಕದೆ ಬಿಡ್ತೀವಾ. ಹಕ್ಕಿ ಸರಿ: ಹಳದಿ ನೆತ್ತಿ, ಕಂದು ಮುಖವಾಡ, ಎದೆಯಲ್ಲಿ ಗೀರಿಲ್ಲ. ಗೀರಿದ್ದರೆ ಗೀರು ಎದೆಯ ಗೀಜಗ ಆಗ್ತಿತ್ತು. ಗೂಡು ನೇಯೋದು ಗಂಡು, ಅದನ್ನೂ ಸರಿ ಬರೆದಿದ್ದಾರೆ. ಆದರೆ ಬಾಗಿಲನ್ನು ಗೂಡಿನ ಹೊಟ್ಟೆಗೆ ದುಂಡಗೆ ತೂತು ಕೊರೆದ ಹಾಗೆ ಇಟ್ಟಿದ್ದಾರೆ. ಗೀಜಗನ ಗೂಡಿಗೆ ಬಾಗಿಲು ಕೆಳಗೆ, ನೇತಾಡುವ ಕೊಳವೆಯ ತುದಿಯಲ್ಲಿ. ಹಕ್ಕಿ ಕೆಳಗಿನಿಂದ ಮೇಲಕ್ಕೆ ನುಗ್ಗುತ್ತೆ. ಅರ್ಧ ಕಟ್ಟಿದ ಗೂಡು ತೋರಿಸಬೇಕಿದ್ದರೆ ಅದರ ಆಕಾರವೇ ಬೇರೆ: ಟೋಪಿ ಕವುಚಿದಂತೆ, ಅಡಿಯಲ್ಲಿ ಎರಡು ಬಾಯಿ, ನಡುವೆ ಅಡ್ಡಪಟ್ಟಿ. ಹೆಣ್ಣು ಬಂದು ನೋಡಿ ಒಪ್ಪೋದು ಆ ಹಂತದಲ್ಲಿ. ಒಪ್ಪಿದ ಮೇಲೇ ಕೊಳವೆ.

ಇನ್ನೊಂದು. ಗೂಡುಗಳು ಸಾಮಾನ್ಯವಾಗಿ ಮರದ ಪೂರ್ವ ಮಗ್ಗುಲಿಗೆ ಇರ್ತವೆ, ಮುಂಗಾರು ಗಾಳಿಯ ಏಟು ತಪ್ಪಲಿ ಅಂತ. ಏಳು ಗಂಟೆಯ ಬಿಸಿಲು ಬಲಗಡೆಯಿಂದ ಬೀಳ್ತಿದೆ, ಅಂದರೆ ಪೂರ್ವ ಬಲಕ್ಕೆ. ಗೂಡು ಎಡಕ್ಕೆ ತೂಗ್ತಿದೆ.

ಹಾಲಕ್ಕಿ:
ಈ ಮನುಷ್ಯ ಹಕ್ಕಿ ನೋಡೋಕೆ ಬಂದಿದ್ದಾ, ವಾಸ್ತು ನೋಡೋಕೆ ಬಂದಿದ್ದಾ?

ಬಯಲುಸೀಮೆ:
ಎಲ್ಲಾರೂ ಬೆರಳು, ಬಾಲ ಅಂತ ಕುಂತೀರಿ, ದೊಡ್ಡ ತಪ್ಪು ಬಿಟ್ಟೀರಿ. 7 ಮತ್ತ 12 ಒಂದ ಹಾಳ್ಯಾಗ ಹೆಂಗ ಬಂದ್ವು? ಹೆಬ್ಬಾತು ಬರೋದು ನವೆಂಬರ್ ಸುಮಾರಿಗೆ, ಮಾರ್ಚ್ ಹೊತ್ತಿಗೆ ವಾಪಸ್. ಗೀಜಗ ಹಳದಿ ಟೋಪಿ ಹಾಕ್ಕೊಂಡು ಗೂಡು ನೇಯೋದು ಮಳಿಗಾಲದಾಗ. ಹೆಬ್ಬಾತು ಇರೋ ಹೊತ್ತಿಗೆ ಗಂಡು ಗೀಜಗ ಹೆಣ್ಣಿನಂಗ ಕಂದು ಬಣ್ಣಕ್ಕ ತಿರುಗಿ ಗುಬ್ಬಿಯಂಗ ಕಾಣ್ತೈತಿ.

ಕೆರೆಏರಿ:
ಇದು ಒಗಟು, ಪಂಚಾಂಗ ಅಲ್ಲ. ಹನ್ನೆರಡು ಹಕ್ಕಿ ಒಂದು ಹಾಳೆಗೆ ತರಬೇಕಾದರೆ ಸ್ವಲ್ಪ ಸ್ವಾತಂತ್ರ್ಯ ಬೇಕಾಗುತ್ತೆ.

ದುರ್ಬೀನು:
ಹಕ್ಕಿ ಪುಸ್ತಕದ ಹಾಗೆ ಬಿಡಿ ಬಿಡಿಯಾಗಿ ಬರೆದ ಚಿತ್ರ ಆಗಿದ್ದರೆ ಒಪ್ತಿದ್ದೆ. ನೀವು 'ಗದಗ ಕಡೆ, ಬೆಳಗ್ಗೆ ಏಳು' ಅಂತ ಸ್ಥಳ, ಹೊತ್ತು ಎರಡೂ ಕೊಟ್ಟಿದ್ದೀರಿ. ಸ್ಥಳ ನೋಡಿಯೇ ನಾವು ಮಲೆನಾಡಿನ ಮರಕುಟಿಗವನ್ನು ತಳ್ಳಿಹಾಕಿದ್ದು. ಋತುವೂ ಅಂಥದ್ದೇ ಸುಳಿವು. 12 ಕಂಡ ಕೂಡಲೇ 'ಚಳಿಗಾಲ' ಅಂತ ಗೊತ್ತಾಗಿ ಬೂದು ಕಾಜಾಣವೂ ಪಟ್ಟಿಗೆ ಬಂತು, ಅದು ಚಳಿಗಾಲದ ಅತಿಥಿ. ಹೊಟ್ಟೆ, ಬಾಯಿಚುಕ್ಕಿ ನೋಡಿ ಬಿಡಬೇಕಾಯ್ತು. ಸುಳಿವುಗಳು ಒಂದಕ್ಕೊಂದು ಜಗಳ ಆಡಿದರೆ ಆಡುವವನು ಯಾವುದನ್ನು ನಂಬಬೇಕು?

ಬಣ್ಣದಡಬ್ಬಿ:
ಅಳಿಸದೆ ಸರಿ ಮಾಡೋ ದಾರಿ ಇದೆ. ಗೂಡನ್ನು ಒಣಗಿದ ಕಂದು ಮಾಡಿ, ಕೊಳವೆ ಸ್ವಲ್ಪ ಹರಿದಿರಲಿ. ಹಳದಿ ಹಕ್ಕಿ ಇದ್ದ ಜಾಗಕ್ಕೆ ಸಿಲ್ವರ್‌ಬಿಲ್ ಮುನಿಯ ಕೂರಿಸಿ. ಗೀಜಗ ಬಿಟ್ಟ ಗೂಡನ್ನು ಅವು ಬಳಸ್ತವೆ. ಗೂಡು ನೋಡಿ ಎಲ್ಲರೂ 'ಗೀಜಗ' ಅಂತ ಬರೀತಾರೆ, ಹಕ್ಕಿಯ ದಪ್ಪ ಬೂದು ಕೊಕ್ಕು, ಚೂಪು ಕರಿ ಬಾಲ ನೋಡಿದವರು ಮಾತ್ರ ಗೆಲ್ತಾರೆ. ಒಗಟೂ ಗಟ್ಟಿಯಾಗುತ್ತೆ.

ಗೂಬೆಕಣ್ಣು:
ಇದು ಚೆನ್ನಾಗಿದೆ.

ಪುಕ್ಕಪುರಾಣ:
ಹೆಬ್ಬಾತು ಅಂದಾಗ ನೆನಪಾಯ್ತು. ಮುಂದಿನ ಸುತ್ತಿಗೆ ಮೊಘಲ್ ಕಾಲದ ಚಿತ್ರ ಇಟ್ಟುಕೊಳ್ಳೋಣ: ನಡುವೆ ಡೋಡೊ, ನಾಲ್ಕು ಮೂಲೆಗೆ ಬೇರೆ ಹಕ್ಕಿಗಳು. ಉಸ್ತಾದ್ ಮನ್ಸೂರ್ ಬರೆದದ್ದು ಅನ್ನುತ್ತಾರೆ, 17ನೇ ಶತಮಾನದ್ದು, ಈಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಎಡಗೆಳಗಿನ ಮೂಲೆಯಲ್ಲಿ ಇದೇ ಪಟ್ಟೆ ತಲೆ ಹೆಬ್ಬಾತು. ಉಳಿದ ಮೂರು ಹೇಳಿ.

ದುರ್ಬೀನು:
ಬಲಗೆಳಗೆ ಬಣ್ಣದ ಗೌಜಲು, ಸ್ಯಾಂಡ್‌ಗ್ರೌಸ್ ಅಂತಾರಲ್ಲ ಅದು. ಬಲಮೇಲೆ ಟ್ರಾಗೋಪಾನ್, ಹಿಮಾಲಯದ ಕಾಡುಕೋಳಿ ಬಳಗದ್ದು. ಎಡಮೇಲೆ ನೇತಾಡುವ ಪುಟ್ಟ ಗಿಳಿ.

ತೆಂಕಣಗಾಳಿ:
ಆ ಗಿಳಿ ನಮ್ಮ ಘಟ್ಟದ್ದೇ ಅಲ್ವಾ?

ದುರ್ಬೀನು:
ಅಲ್ಲ. ನಮ್ಮದಕ್ಕೆ ನೆತ್ತಿ ಹಸಿರು, ಗಂಡಿಗೆ ಗಂಟಲಲ್ಲಿ ಚಿಕ್ಕ ನೀಲಿ ಮಚ್ಚೆ. ನೆತ್ತಿಯಲ್ಲಿ ನೀಲಿ ಬೊಟ್ಟು ಇರೋದು ಮಲಯ ಕಡೆಯ ಜಾತಿ. ಡೋಡೊ ಮಾರಿಷಸ್‌ನದು. ಹಡಗಿನಲ್ಲಿ ಬಂದ ಹಕ್ಕಿಗಳೂ ಆ ಹಾಳೆಯಲ್ಲಿವೆ, ಹಾಗಾಗಿ 'ಸ್ಥಳ ನೋಡಿ' ಅನ್ನೋ ಸೂತ್ರ ಅಲ್ಲಿ ಕೈ ಕೊಡುತ್ತೆ.

ಹಾಲಕ್ಕಿ:
ಈ ಸುತ್ತೇ ಮುಗಿದಿಲ್ಲ, ಮಾರಿಷಸ್‌ಗೆ ಹೋದ್ರು.

ಕೆರೆಏರಿ:
ತಿದ್ದಿದ ಚಿತ್ರ ಹಾಕಿದ್ದೀನಿ. 6 ಚಿಕ್ಕದಾಗಿದೆ. 7ಕ್ಕೆ ಹಳೆ ಗೂಡು, ಕೆಳಬಾಗಿಲು, ಮುನಿಯ, ಗೂಡು ಪೂರ್ವಕ್ಕೇ ಇದೆ. 10 ನೆಲಕ್ಕೆ ಇಳಿದಿದೆ. 11ರ ಬೆರಳು ಎರಡು ಮುಂದೆ ಎರಡು ಹಿಂದೆ, ಬಾಲ ಕಾಂಡಕ್ಕೆ ಒರಗಿದೆ. 4ರ ಕತ್ತು ಮಡಚಿದ್ದೀನಿ. ಇನ್ನು ಯಾರೂ ಬಾಯಿ ತೆರೆಯಬೇಡಿ.

ತೆಂಕಣಗಾಳಿ:
4ರ ಕಾಲು ಎಲ್ಲಿ ಮಾರಾಯ್ರೆ? ಬಕ ಹಾರುವಾಗ ಕಾಲು ಬಾಲದ ಆಚೆಗೆ ಉದ್ದಕ್ಕೆ ಚಾಚಿರುತ್ತದೆ.

ಕೆರೆಏರಿ:
ಕಾಲು ಬರೆದರೆ ತಂತಿಗೆ ತಾಗುತ್ತೆ, 1 ಕೂತಲ್ಲಿಗೇ.

ಬಣ್ಣದಡಬ್ಬಿ:
ತಂತಿ ಒಂದಿಂಚು ಕೆಳಗಿಳಿಸಿ. 2ರ ಬಾಲ ಜಾಲಿಗೆ ಬಡಿಯದ ಹಾಗೆ ನೋಡಿಕೊಳ್ಳಿ.